ಅಮ್ಮನ ಮಂಡಿ ನೋವು

ನಮ್ಮ ಕಾರ್ಖಾನೆಯ ಪ್ರಥಮ ಚಿಕಿತ್ಸೆಯ ಕೋಣೆಯ ಗೋಡೆಯಲ್ಲಿ ಒಂದು ಕಾಲಿನ ಚಿತ್ರವಿತ್ತು. ತೊಡೆಯಿಂದ ಬೆರಳಿನ ತನಕ ಬಾಣದ ಗುರುತು ಹಾಕಿ ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಹೆಸರು ಬರೆದಿದ್ದರು. ಯಾರ ಕಾಲ ಮೇಲಾದರೂ ಕಬ್ಬಿಣ ಬಿದ್ದರೆ ಅಪಘಾತದ ಫಾರಂ ತುಂಬುವ ಕೆಲಸ ನನ್ನದು. ಬರೀ 'ಕಾಲಿಗೆ ಪೆಟ್ಟು' ಎಂದು ಬರೆದರೆ ಆಫೀಸಿನವರು ಹಿಂದಕ್ಕೆ ಕಳಿಸುತ್ತಿದ್ದರು. ಹಾಗಾಗಿ ಮಂಡಿ, ಕಣಕಾಲು, ಹಿಮ್ಮಡಿ, ಅಂಗಾಲು ಎಂದು ಒಂದೊಂದನ್ನೂ ಎರಡೆರಡು ಭಾಷೆಯಲ್ಲಿ ಕಲಿತೆ. ನಾವು ಮೀನಖಂಡ ಎನ್ನುವುದನ್ನು ತಮಿಳರು ಕೆಂಡೈಕ್ಕಾಲ್ ಎನ್ನುತ್ತಾರೆ. ಕೆಂಡೈ ಎಂದರೂ ಒಂದು ಮೀನೇ. ಇಬ್ಬರೂ ಅಲ್ಲೊಂದು ಮೀನು ಕಂಡಿದ್ದಾರಲ್ಲ ಎಂದು ಖುಷಿಪಟ್ಟಿದ್ದೆ. ಕಾಲಿನ ವಿಷಯದಲ್ಲಿ ನನ್ನಷ್ಟು ಬಲ್ಲವರಿಲ್ಲ ಎಂಬ ಜಂಬವೂ ಇತ್ತು.

ಎರಡು ಸಾವಿರದ ಐದೋ ಆರೋ ಇರಬೇಕು. ಕೋಲಾರದ ಕಡೆಯಿಂದ ಬಂದು ಹೊಸೂರಿನ ಒಂದು ಕೋಣೆಯ ಮನೆಯಲ್ಲಿ ನಾವಿಬ್ಬರೇ ಇದ್ದೆವು, ಅಮ್ಮ ಮತ್ತು ನಾನು. ಅಮ್ಮ ಊರಾಚೆಯ ಗುಲಾಬಿ ತೋಟಕ್ಕೆ ಹೂ ಕೊಯ್ಯಲು ಹೋಗುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ನಿಂತೇ ಕೆಲಸ. ಒಂದು ದಿನ ಕುಂಟುತ್ತ ಬಂದಳು. ಕೂತವಳು ಏಳುವಾಗ ಸೆರಗಿನ ಮರೆಯಲ್ಲಿ ಮುಷ್ಟಿಯನ್ನು ತೊಡೆಸಂದಿಗೆ ಒತ್ತಿಕೊಂಡಳು. ನಾನು ನೋಡಿದೆ.

"ಏನಾಯ್ತಮ್ಮಾ?"

"ಮಂಡಿ ಕಣಪ್ಪಾ. ನಿಂತೂ ನಿಂತೂ ಹಿಡ್ಕಂಬುಟ್ಟದೆ."

ಮಂಡಿಯಲ್ಲ ಎಂದು ನನಗೆ ಆಗಲೇ ಗೊತ್ತಾಯಿತು. ಆದರೆ ನಮ್ಮವರಲ್ಲಿ ಹೆಂಗಸರ ಕಾಲುನೋವಿಗೆ ಮಂಡಿಯೇ ಗಡಿ. ಅದಕ್ಕಿಂತ ಮೇಲಿನದನ್ನು ಗಂಡಸರ ಮುಂದೆ, ಅದರಲ್ಲೂ ಬೆಳೆದ ಮಗನ ಮುಂದೆ, ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮಜ್ಜಿಯೂ ಎಲ್ಲಿ ನೋವು ಬಂದರೂ ಮಂಡಿ ಎಂದೇ ಹೇಳಿಕೊಂಡು ಮಣ್ಣಾದಳು.

ಮರುದಿನ ಬೆಳಿಗ್ಗೆ ರಾತ್ರಿ ಪಾಳಿ ಮುಗಿಸಿ ಬಂದವನು ನಿದ್ದೆಗಣ್ಣಿನಲ್ಲೇ ಅಮ್ಮನನ್ನು ಡಾಕ್ಟರ ಬಳಿ ಕರೆದುಕೊಂಡು ಹೋದೆ. ತಮಿಳಿನವರು. ಎಲ್ಲಿ ನೋವು ಎಂದು ಕೇಳಿದರು, "ಎಂಗೆ ವಲಿಕ್ಕುದು?" ತಮಿಳು ಬಾರದ ಅಮ್ಮ ನನ್ನ ಮುಖ ನೋಡಿದಳು. ತೊಡೆಗೆ ತಮಿಳಿನಲ್ಲೂ ತೊಡೈ ಎಂದೇ ಅನ್ನುತ್ತಾರೆ. ಯಾರ್ಯಾರದೋ ತೊಡೆಯ ಹೆಸರನ್ನು ಎಷ್ಟು ಫಾರಂಗಳಲ್ಲಿ ಬರೆದಿದ್ದೆನೋ. ಹೆತ್ತವಳದ್ದು ಎಂದಾಗ ನಾಲಗೆ ಏಳಲಿಲ್ಲ. ಮಂಡಿಗೆ ಅವರು ಹೇಳುವಂತೆ "ಮುಟ್ಟಿ, ಸಾರ್" ಎಂದುಬಿಟ್ಟೆ. ಡಾಕ್ಟರು ಮಂಡಿಯನ್ನು ಒತ್ತಿ ನೋಡಿದರು. "ಹ್ಞೂಂ, ಅಲ್ಲೇ" ಎಂದಳು ಅಮ್ಮ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಎಂಟು ತಿಂಗಳು ಆ ಮಂಡಿಗೆ ಆರೈಕೆ ನಡೆಯಿತು. ಮಾತ್ರೆ, ಮುಲಾಮು, ಬಿಸಿನೀರಿನ ಶಾಖ. ಮುಲಾಮು ಹಚ್ಚುವವನು ನಾನೇ. ನಿಂತು ನಿಂತು ನನ್ನ ಕಾಲೂ ಕಲ್ಲಾಗಿರುತ್ತಿತ್ತು. ಆದರೂ ಕೂತು ನೋವಿಲ್ಲದ ಮಂಡಿಯನ್ನು ನೀವುತ್ತಿದ್ದೆ. "ಈಗ ವಾಸಿ ಕಣಪ್ಪಾ" ಎನ್ನುತ್ತಿದ್ದಳು ಅಮ್ಮ. ಇಬ್ಬರಿಗೂ ಸುಳ್ಳು ಎಂದು ಗೊತ್ತಿತ್ತು, ಇಬ್ಬರಿಗೂ ಸಾಕಾಗಿತ್ತು. ಮುಂದಿನ ಸಲ ಡಾಕ್ಟರಿಗೆ ಹೇಳಿಬಿಡೋಣ ಎಂದುಕೊಳ್ಳುತ್ತಲೇ ಪ್ರತಿ ಸಲವೂ ವಾಪಸು ಬಸ್ಸು ಹತ್ತುತ್ತಿದ್ದೆ.

ಕೊನೆಗೆ ಡಾಕ್ಟರು ಎಕ್ಸರೇ ತೆಗೆಸಲು ಹೇಳಿದರು, ಅದೂ ಮಂಡಿಗೆ. ಅಲ್ಲಿದ್ದ ನರ್ಸಮ್ಮ ವಯಸ್ಸಾದವರು, ಕನ್ನಡ ಬಲ್ಲವರು. ಮೇಜಿನ ಮೇಲೆ ಮಲಗಿಸಲೆಂದು ಕಾಲು ಎತ್ತಿದ್ದೇ ತಡ, ಅಮ್ಮ ಕಿರುಚಿ ತೊಡೆಸಂದನ್ನು ಹಿಡಿದುಕೊಂಡಳು.

"ಇದಾ ನಿಮ್ ಮಂಡಿ?" ಎಂದು ಕೇಳಿದ ನರ್ಸಮ್ಮ ನನ್ನ ಕಡೆ ತಿರುಗಿದರು.

"ಅಲ್ಲ, ತೊಡೆಸಂದು. ಮೊದ್ಲಿಂದ್ಲೂ ಅಲ್ಲೇ" ಎಂದೆ. ಎಂಟು ತಿಂಗಳು ಹೇಳಲಾರದ ಮಾತಿಗೆ ಒಂದು ಉಸಿರೂ ಬೇಕಾಗಲಿಲ್ಲ.

ತೊಡೆಯ ಎಲುಬಿನ ಮೇಲ್ತುದಿಗೆ ರಕ್ತ ಹೋಗದೆ ಅದು ಕುಸಿದುಹೋಗಿತ್ತು. ಮೊದಲೇ ಬಂದಿದ್ದರೆ ಉಳಿಸಬಹುದಿತ್ತೇನೋ ಎಂದರು ದೊಡ್ಡಾಸ್ಪತ್ರೆಯ ಡಾಕ್ಟರು. ಮೊದಲೇ ಹೋಗಿದ್ದೆವು ಎಂದು ನಾನು ಹೇಳಲಿಲ್ಲ. ಆ ಕಾಲು ಗಿಡ್ಡವಾಯಿತು. ಅಮ್ಮ ಕೋಲು ಹಿಡಿದಳು, ಮತ್ತೆ ಹೂ ಕೊಯ್ಯಲು ಹೋಗಲಿಲ್ಲ.

ದೊಡ್ಡಾಸ್ಪತ್ರೆಯಿಂದ ಬರುವಾಗ ಬಸ್ಸಿನಲ್ಲಿ ಅಮ್ಮನಿಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತ್ತು. ಪಕ್ಕದಲ್ಲಿ ನಿಂತಿದ್ದ ನನಗೆ ನನ್ನ ಮೇಲಿನ ಸಿಟ್ಟೆಲ್ಲ ಅವಳ ಮೇಲೆ ಬಂತು.

"ಆವತ್ತೇ ಹೇಳಕ್ಕೇನಾಗಿತ್ತಮ್ಮಾ ನಿಂಗೆ?"

ಅಮ್ಮ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ಹೆಣ್ಣೆಂಗ್ಸು, ನಾನೆಂಗಪ್ಪಾ ಹೇಳ್ಲಿ? ನೀನು ನೋಡಿದ್ಯಲ್ಲ. ನೀನು ಹೇಳ್ತೀಯಾ ಅಂತ್ಲೇ ಅವತ್ತು ನಿನ್ ಮಕ ನೋಡಿದ್ದು."