ಊಟಿಯಿಂದ ಬಂದ ಹೀಟರ್

ಹೋದ ವರ್ಷ ಊಟಿಯ ತರಕಾರಿ ವ್ಯಾಪಾರಿಯೊಬ್ಬರಿಂದ ಹಳೆಯ ಪಿಕಪ್ ಗಾಡಿಯೊಂದನ್ನು ಕೊಂಡೆ. ದಾವಣಗೆರೆಯಿಂದ ತರಿಸಿದ ಬೆಣ್ಣೆಯನ್ನು ಚೆನ್ನೈನ ಕನ್ನಡದ ಮನೆಗಳಿಗೆ ಮುಟ್ಟಿಸುವುದು ನನ್ನ ಕಸುಬು. "ಇದರ ಹೀಟರ್ ಬಹಳ ಚೆನ್ನಾಗಿದೆ" ಎಂದು ಅವರು ಎರಡೆರಡು ಸಲ ಹೇಳಿದ್ದರು. ಆಗ ನಕ್ಕಿದ್ದೆ.

ಮೇ ತಿಂಗಳಲ್ಲಿ ನಗು ನಿಂತಿತು. ಹೀಟರಿನ ಗುಂಡಿಯನ್ನು ತಂಪಿನ ನೀಲಿ ಗುರುತಿಗೆ ಎಷ್ಟು ತಿರುಗಿಸಿದರೂ ಕಾಲ ಬುಡಕ್ಕೆ ಬಿಸಿಗಾಳಿ ನುಗ್ಗುತ್ತಿತ್ತು. ಗಾಡಿಯ ಹಿಂಬದಿಗೆ ಬಿಸಿಲು ಬೀಳುತ್ತದೆಂದು, ಜೊತೆಗೆ ಬಂದಿದ್ದ ಅವ್ವ ಬೆಣ್ಣೆಯ ಡಬ್ಬಿಯನ್ನು ಮುಂದೆ, ತನ್ನ ಕಾಲ ಬಳಿ ಇಟ್ಟುಕೊಂಡಿದ್ದಳು. ಅಣ್ಣಾ ನಗರ್ ಮುಟ್ಟುವಷ್ಟರಲ್ಲಿ ಅದು ಪಾಯಸದಂತಾಗಿತ್ತು.

"ಎಂಜಿನ್ ಕಾಯ್ತಾ ಐತಿ" ಎಂದು ನಾನು ತೀರ್ಪು ಕೊಟ್ಟೆ. ಒಂದು ವಾರ ದಿನಾ ಬೆಳಗ್ಗೆ ರೇಡಿಯೇಟರಿನ ಮುಚ್ಚಳ ತೆಗೆದು ನೀರು ಹೊಯ್ಯಲು ಹೋದೆ. ಅದು ದಿನಾ ತುಂಬಿಯೇ ಇತ್ತು.

"ಆ ಮುಳ್ಳು ನಡುವೇನೇ ನಿಂತೈತಲ್ಲೋ" ಎಂದು ಅವ್ವ ಡ್ಯಾಶ್‌ಬೋರ್ಡಿನ ಮೀಟರ್ ತೋರಿಸಿದಳು. "ಎಂಜಿನ್ ಕಾದ್ರೆ ಅದು ಮ್ಯಾಲೆ ಏರಬೇಕಲ್ಲ?"

ನಾನು ಕೇಳಿಸದವನಂತೆ ಪಲ್ಲಾವರಂನ ಮೆಕ್ಯಾನಿಕ್ ಬಳಿಗೆ ಗಾಡಿ ಓಡಿಸಿದೆ.

"ಹೀಟರಾ? ಚೆನ್ನೈಲ ಹೀಟರ್ ಎದುಕ್ಕು ಸಾರ್?" ಎಂದು ಆತ ನಕ್ಕ. ಯಾಕೆಂದು ನನಗಾದರೂ ಏನು ಗೊತ್ತು!

ಅವ್ವ ಸೀಟಿನಿಂದ ಇಳಿದಿರಲಿಲ್ಲ. ಗುಂಡಿಯನ್ನು ಒಂದು ಬೆರಳಲ್ಲಿ ಆಚೀಚೆ ತಿರುಗಿಸುತ್ತಾ ಹೇಳಿದಳು: "ಇದ್ರಾಗೆ ಬಿಗೀನೇ ಇಲ್ಲ. ಹಿಂದೆ ಏನೂ ಕಚ್ಕೊಂಡಿಲ್ಲ ನೋಡು."

ನಾನು ಅದನ್ನೇ ತಮಿಳಿಗೆ ತಿರುಗಿಸಿ, ಸ್ವಂತ ವಿಚಾರವೆಂಬಂತೆ ಗಂಭೀರವಾಗಿ ಮೆಕ್ಯಾನಿಕ್‌ಗೆ ಒಪ್ಪಿಸಿದೆ. ಆತ ತಲೆದೂಗಿದ.

"ಅದು ನಾನ್ ಹೇಳಿದ್ದು ಅಂತಾನೂ ಹೇಳೋ" ಎಂದಳು ಅವ್ವ. ಇಪ್ಪತ್ತು ವರ್ಷ ಈ ಊರಲ್ಲಿದ್ದವಳಿಗೆ ತಮಿಳು ಅರ್ಥವಾಗುತ್ತದೆಂಬುದು ನನಗೆ ಮರೆತೇ ಹೋಗಿತ್ತು. ಹೇಳಿದೆ. ಮೆಕ್ಯಾನಿಕ್ ಅವಳಿಗೆ ಕೈಮುಗಿದ. ಆಮೇಲಿನ ಪ್ರಶ್ನೆಗಳನ್ನೆಲ್ಲ ಅವಳನ್ನೇ ಕೇಳಿದ.

ಬಾನೆಟ್ ತೆಗೆದಾಗ ವಿಷಯ ಹೊರಬಿತ್ತು. ಎಂಜಿನ್ನಿನ ಬಿಸಿನೀರು ಒಂದು ರಬ್ಬರ್ ಪೈಪಿನಲ್ಲಿ ಹೀಟರಿಗೆ ಹೋಗುತ್ತದೆ. ನಡುವೆ ನಲ್ಲಿಯಂಥ ಒಂದು ವಾಲ್ವ್. ಅವ್ವ ಒಳಗೆ ಗುಂಡಿ ತಿರುಗಿಸಿದಳು, ವಾಲ್ವ್ ಅಲ್ಲಾಡಲಿಲ್ಲ. ಅದನ್ನು ಎಳೆಯಬೇಕಾದ ಕೇಬಲ್ಲಿನ ಕ್ಲಿಪ್ ಮುರಿದು, ಕೇಬಲ್ ಸುಮ್ಮನೆ ಜೋತಾಡುತ್ತಿತ್ತು. ಮೆಕ್ಯಾನಿಕ್ ಕೈಯಿಂದಲೇ ವಾಲ್ವ್ ಮುಚ್ಚಿದ. ಸ್ವಲ್ಪ ಹೊತ್ತಿಗೆ ಪೈಪು ತಣ್ಣಗಾಯಿತು. ಹೊಸ ಕ್ಲಿಪ್ ಹಾಕಿದ ಮೇಲೆ, ಬಿಸಿಯ ಕೆಂಪಿಗೂ ತಿರುಗುತ್ತದೋ ನೋಡಬೇಕೆಂದು ನಮ್ಮಿಬ್ಬರನ್ನೂ ಒಳಗೆ ಕೂರಿಸಿ, ತಾನೂ ಹತ್ತಿ ಗಾಜು ಏರಿಸಿದ. ಮೇ ತಿಂಗಳ ಮಧ್ಯಾಹ್ನ ಮೂವರೂ ಹೀಟರ್ ಹಾಕಿಕೊಂಡು, ಬೆವರು ಒರೆಸುತ್ತಾ, "ಸೂಪರ್, ಸೂಪರ್" ಅಂದೆವು. ಪಕ್ಕದ ಟೀ ಅಂಗಡಿಯವರು ಹೊರಗೆ ಬಂದು ನೋಡಿದರು.

ವಾಪಸು ಬರುವಾಗ ಗುಂಡಿಯನ್ನು ಹೆಮ್ಮೆಯಿಂದ ನೀಲಿಗೆ ತಿರುಗಿಸಿದೆ. ಹೊರಗಿನ ಗಾಳಿ ಒಳಬಂತು. ಅವ್ವ ಅದರ ಮುಂದೆ ಅಂಗೈ ಹಿಡಿದು ನೋಡಿದಳು.

"ರಿಪೇರಿ ಆತೇನೋ?"

"ಆತು."

"ಮತ್ತೆ ಈ ಬಿಸಿಗಾಳಿ?"

"ಇದು ಚೆನ್ನೈ, ಅವ್ವ."