ಶ್ರೀಕಂಠ ಸಾರ್ ಕೊಟ್ಟ ತೀರ್ಪು

ರಾಕ್ಷಸನಂತೆ ಗರ್ಜಿಸುವುದರಲ್ಲಿ ಶ್ರೀಕಂಠ ಸಾರ್ ಅವರನ್ನು ಮೀರಿಸುವವರು ಬೊಮ್ಮನಹಳ್ಳಿಯಲ್ಲಿ ಇರಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಕೆಳಗಿನ ಮನೆಯಾಕೆ ಗಾಬರಿಯಿಂದ ಮೆಟ್ಟಿಲು ಹತ್ತಿ ಬಂದು, "ಸಾರ್‌ಗೆ ಹುಷಾರಿಲ್ವೇನಮ್ಮಾ?" ಎಂದು ನನ್ನನ್ನು ಕೇಳಿದ್ದರು. ಅದೇ ಮನುಷ್ಯ ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಆಫೀಸಿನಲ್ಲಿ ಟೀಮ್ ಲೀಡ್. ಅಲ್ಲಿ ಅವರ ಮಾತು ಕೇಳಿಸಬೇಕಾದರೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಳ್ಳಬೇಕಿತ್ತು.

ಶನಿವಾರ ಅವರ ಮನೆಯಲ್ಲಿ ನಾವು ಆಡುತ್ತಿದ್ದುದು ಕಥೆಯ ಆಟ. ಅವರು ಕಥೆ ನಡೆಸುವವರು, ರಾಕ್ಷಸರಿಂದ ಹಿಡಿದು ಉಳಿದ ಪಾತ್ರಗಳೆಲ್ಲ ಅವರವೇ. ನಾನು, ಫಿರೋಜ್, ಬಸವರಾಜ ಮೂವರೂ ಒಂದೊಂದು ಪಾತ್ರ. ಏನು ಮಾಡುತ್ತೇವೆಂದು ನಾವು ಹೇಳಬೇಕು, ಅದು ಫಲಿಸಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ಮೂವರೂ ಅವರ ಕೈಕೆಳಗೇ ಕೆಲಸ ಮಾಡುತ್ತಿದ್ದವರು. ನಿಯಮಗಳ ದಪ್ಪ ಪುಸ್ತಕವನ್ನು ಅವರು ತೊಡೆಯ ಮೇಲೆ ಮಗುವಿನಂತೆ ಇಟ್ಟುಕೊಳ್ಳುತ್ತಿದ್ದರು. ಚಹಾ ಲೋಟ ಅದರ ಹತ್ತಿರ ಬಂದರೆ ಮಾತ್ರ ಅವರಿಗೆ ನಿಜವಾದ ಕೋಪ.

ಆ ಪುಸ್ತಕದಲ್ಲಿ 'ನಿನ್ನ ಮಿತ್ರರಿಗೆ', 'ನಿನ್ನ ಶತ್ರುಗಳಿಗೆ' ಎಂದು ಬೇಕಾದಷ್ಟು ಕಡೆ ಇತ್ತು. ಆದರೆ ಮಿತ್ರನೆಂದರೆ ಯಾರು ಎಂದು ಎಲ್ಲಿಯೂ ಬರೆದಿರಲಿಲ್ಲ. ಒಮ್ಮೆ ಫಿರೋಜನ ಮಂತ್ರವಾದಿ, ಶತ್ರುಗಳನ್ನು ಮಾತ್ರ ಮಲಗಿಸುವ ಪುಡಿಯನ್ನು ಕೋಟೆ ಬಾಗಿಲಲ್ಲಿ ಎರಚಿದ. ಅಲ್ಲಿದ್ದ ಕಾವಲುಗಾರ ನಮ್ಮಿಂದ ಲಂಚ ತಿಂದು ಒಳಗೆ ಬಿಡುತ್ತೇನೆ ಎಂದಿದ್ದವನು. ಅವನು ಮಲಗಬೇಕೋ ಬೇಡವೋ?

"ದುಡ್ಡು ತಿಂದಿದಾನೆ ಅಂದ್ಮೇಲೆ ನಮ್ಮವನೇ ಅಲ್ವಾ ಸಾರ್?" ಎಂದ ಫಿರೋಜ್.

ಶ್ರೀಕಂಠ ಸಾರ್ ಕನ್ನಡಕ ಒರೆಸಿಕೊಂಡರು. ತೀರ್ಪು ಬರುವ ಮುಂಚೆ ಯಾವಾಗಲೂ ಹಾಗೆಯೇ. "ಪುಸ್ತಕ ಹೇಳದೇ ಇದ್ರೆ ಮನೇಲಿ ಬಳಸೋ ಅರ್ಥಾನೇ ತಗೋಬೇಕು ಕಣ್ರೀ. ಶತ್ರು ಆಗೋಕೆ ಒಬ್ಬರು ಮನಸ್ಸು ಮಾಡಿದ್ರೆ ಸಾಕು. ಮಿತ್ರ ಆಗೋಕೆ ಇಬ್ಬರೂ ಒಪ್ಪಬೇಕು. ಈ ಕಾವಲುಗಾರ ಎರಡೂ ಅಲ್ಲ, ಬರೀ ವ್ಯಾಪಾರಿ. ಎದ್ದೇ ಇರ್ತಾನೆ."

ನಾವು ಚಪ್ಪಾಳೆ ತಟ್ಟಿದೆವು. ಅವರಿಗೆ ಹೊಗಳಿಕೆ ಎಂದರೆ ಇಷ್ಟ, ಮುಚ್ಚಿಡಲು ಬರುತ್ತಿರಲಿಲ್ಲ.

ಮಂದಿಯನ್ನು ಕೆಲಸದಿಂದ ತೆಗೆಯುತ್ತಿದ್ದ ಆ ಕೆಟ್ಟ ವರ್ಷ ನಮ್ಮ ಕಂಪನಿಯೂ ಪ್ರತಿ ಲೀಡ್‌ಗೆ, ನಿಮ್ಮ ತಂಡದಿಂದ ಒಬ್ಬರನ್ನು ತೆಗೆಯಿರಿ ಎಂದಿತು. ಶ್ರೀಕಂಠ ಸಾರ್ ಬಸವರಾಜನನ್ನು ಗಾಜಿನ ಕೋಣೆಗೆ ಕರೆದರು. ಅವನು ಗದಗದ ಕಡೆಯವನು, ಚಂದಾಪುರದಲ್ಲಿ ರೂಮು ಮಾಡಿಕೊಂಡಿದ್ದ. ಹೊರಗೆ ಬಂದವನು ಬ್ಯಾಗು ತೆಗೆದುಕೊಂಡ. ಸೆಕ್ಯುರಿಟಿಯವನು ಗೇಟಿನವರೆಗೂ ಜೊತೆಗೆ ನಡೆದ. ನನಗೆ ಮೊದಲು ಬಂದದ್ದು ದುಃಖವಲ್ಲ, ಸದ್ಯ ನಾನಲ್ಲ ಎಂಬ ನೆಮ್ಮದಿ. ಅದು ನೆನಪಾದರೆ ಇವತ್ತಿಗೂ ಮುಖ ಬಿಸಿಯಾಗುತ್ತದೆ.

ಆ ಶನಿವಾರ ಬಸವರಾಜ ಬರುವುದಿಲ್ಲ ಎಂದೇ ಅಂದುಕೊಂಡಿದ್ದೆವು. ಬಂದ. ಎಂದಿನಂತೆ ಚುರುಮುರಿ ಪೊಟ್ಟಣ ಬಿಚ್ಚಿ ನಡುವೆ ಇಟ್ಟ. ಯಾರೂ ಕೈ ಹಾಕಲಿಲ್ಲ. ಆಟ ಶುರುವಾಯಿತು. ಗುಹೆಯೊಳಗೆ ನಮಗೆಲ್ಲ ಪೆಟ್ಟು ಬಿತ್ತು. ನಮಗೆ ದಾರಿ ತೋರಿಸುತ್ತಿದ್ದ ಬೈರಾಗಿ ಸಾಯುವ ಹಾಗಾದ. ಬೈರಾಗಿಯ ಪಾತ್ರ ಶ್ರೀಕಂಠ ಸಾರ್ ಅವರದೇ. ಬಸವರಾಜನದು ವೈದ್ಯನ ಪಾತ್ರ. ಅವನು ಪ್ರಾರ್ಥಿಸಿದರೆ ಸುತ್ತಲಿನ ಮಿತ್ರರ ಗಾಯವೆಲ್ಲ ಮಾಯುತ್ತಿತ್ತು.

"ಪ್ರಾರ್ಥನಾ ಮಾಡ್ತೀನ್ರಿ," ಎಂದು ಬಸವರಾಜ ನನ್ನತ್ತ, ಫಿರೋಜನತ್ತ ಕೈ ತೋರಿಸಿದ. "ಮಂಜುಳಾ, ಫಿರೋಜ್, ಇವರು ಮಿತ್ರರು. ಸರ, ಬೈರಾಗಿ ಏನ್ರಿ?"

"ನಿನ್ನ ಪ್ರಾರ್ಥನೆ ಬಸವರಾಜ. ನೀನೇ ಹೇಳಬೇಕು."

"ನಂದು ನಾ ಹೇಳ್ತೀನ್ರಿ. ಮಿತ್ರನ. ಆದರ ಇಬ್ಬರೂ ಒಪ್ಪಬೇಕು ಅಂದಿದ್ರಲ್ಲ, ಅದಕ್ಕ ಕೇಳಾಕತ್ತೀನಿ. ಅವ ಒಪ್ಪತಾನೇನ್ರಿ?"

ಶ್ರೀಕಂಠ ಸಾರ್ ಕನ್ನಡಕ ತೆಗೆದರು, ಒರೆಸಲಿಲ್ಲ. "ಇಲ್ಲ. ಒಪ್ಪಲ್ಲ. ಅವನಿಗೆ ಆ ಯೋಗ್ಯತೆ ಇಲ್ಲ." ಕನ್ನಡಕ ಮಡಿಸಿ ಜೇಬಿಗೆ ಹಾಕಿಕೊಂಡು, "ಬೈರಾಗಿ ಸತ್ತ," ಎಂದರು.

ಬಸವರಾಜನ ಕಣ್ಣು ಕೆಂಪಾಯಿತು. ಅವನು ಸಿಟ್ಟಾದದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಇದರಿಂದ ನನ್ನ ಕೆಲಸಾ ವಾಪಸ್ ಬಂತೇನ್ರಿ ಸರ? ನಿಮ್ಮ ನಾಚಿಕಿ ನೋಡಾಕ ನಾ ಬಂದಿಲ್ಲ. ರೂಮಿನ್ಯಾಗ ಒಬ್ಬನ ಕುಂತು ತಲಿ ಕೆಟ್ಟಿತ್ತು, ಆಟ ಆಡಾಕ ಬಂದೆ. ಅದನ್ನೂ ಕಸ್ಕೊಂಡ್ರಿ."

ಸಾರ್ ಪುಸ್ತಕ ಮುಚ್ಚಿ ಒಳಗೆ ಹೋದರು. ಮುಂದಿನ ಶನಿವಾರ ಅವರು ನಮ್ಮನ್ನು ಕರೆಯಲಿಲ್ಲ. ಆಫೀಸಿನಲ್ಲಿ ನಾನು ಎದುರಾದರೆ ಫೋನು ಬಂದವರಂತೆ ಪಕ್ಕಕ್ಕೆ ತಿರುಗುತ್ತಿದ್ದರು. ನಾನೂ ಅವರಿಗೆ ದಾರಿ ಬಿಟ್ಟು ನಡೆದುಬಿಡುತ್ತಿದ್ದೆ. ಕೊನೆಗೆ ತಾವೇ ರಾಜೀನಾಮೆ ಕೊಟ್ಟರು. ಕೊನೆಯ ದಿನ ಎಲ್ಲರಿಗೂ ಹಂಚಿದ ಸಿಹಿಯನ್ನು ನನ್ನ ಮೇಜಿನ ಮೇಲೆ ನಾನಿಲ್ಲದ ಹೊತ್ತಿಗೆ ಇಟ್ಟು ಹೋಗಿದ್ದರು.

ಬಸವರಾಜನಿಗೆ ಬೇರೆ ಕಡೆ ಕೆಲಸ ಸಿಕ್ಕಿತು. ಚಂದಾಪುರದ ಅವನ ರೂಮಿನಲ್ಲಿ ನಾವು ಮತ್ತೆ ಆಡತೊಡಗಿದೆವು. ಕಥೆ ನಡೆಸುವವನು ಈಗ ಅವನೇ. ಸಾರ್ ಅವರನ್ನೂ ಕರೆಯೋಣ ಎಂದವನೂ ಅವನೇ. ಫಿರೋಜ್ ಫೋನು ಮಾಡಿದಾಗ, "ನೋಡೋಣಪ್ಪಾ," ಎಂದರಂತೆ.

ಆ ಶನಿವಾರ ಮಧ್ಯಾಹ್ನ ನಮ್ಮ ಆಟದ ನಗುವಿನ ನಡುವೆ ಮನೆ ಓನರ್ ಮೇಲೆ ಬಂದು, "ಯಾರೋ ಕನ್ನಡಕದೋರು ಕೆಳಗೆ ನಿಂತವ್ರೆ. ಮೇಲಕ್ಕೋಗಿ ಸಾರ್ ಅಂದ್ರೆ, ಬೇಡ, ಎಲ್ಲಾ ನಗ್ತಾ ಇದಾರೆ ಅಂದ್ರು," ಎಂದರು.

ಬಸವರಾಜ ಚಪ್ಪಲಿ ಮೆಟ್ಟದೆ ಓಡಿದ. ಫಿರೋಜನೂ ಹಿಂದೆಯೇ ಹೋದ. ನಾನು ಕಿಟಕಿಯ ಹತ್ತಿರ ಉಳಿದೆ. ಅವರಿಗೆ ನನ್ನ ಮುಖ ಹೇಗೆ ತೋರಿಸಲಿ ಎನಿಸಿತು. ಅವರು ಉಳಿಸಿಕೊಂಡವಳು ನಾನು. ಕೆಳಗೆ ಅವರ ಸ್ಕೂಟರು ತಿರುವಿನತ್ತ ಹೊರಟಿತ್ತು. "ಸರ! ಸರ, ನಿಂದರ್ರಿ!" ಎಂಬ ಕೂಗು ಬೀದಿಗೆಲ್ಲ ಕೇಳಿತು.

ಏದುಸಿರು ಬಿಡುತ್ತಾ ಬಂದ ಬಸವರಾಜ ಗೋಡೆಗೆ ಒರಗಿ ಕೂತ. ಕೇಳಿಸಲಿಲ್ಲವೇನೋ ಎಂದೆ.

"ಕೇಳಿಸೇತಿ," ಎಂದ. "ತಿರುವಿನ್ಯಾಗ ಗಾಡಿ ನಿಂದ್ರಿಸಿದ್ರು. ನಾ ಹತ್ರ ಹೋಗೂತನಾನೂ ನಿಂತಿದ್ರು, ಆಮ್ಯಾಲ ಹೋದ್ರು. ಮಾರಿ ಮಾತ್ರ ತಿರುಗಸಲಿಲ್ಲ."