ಮಜ್ಜಿಗೆಯಲ್ಲಿ ಅರೆದದ್ದು

ಗಜೇಂದ್ರಗಡದಲ್ಲಿ ನಮ್ಮದು ನೇಕಾರರ ಮನೆ. ಅಪ್ಪ ತೀರಿದ ಮೇಲೆ ಅಣ್ಣ ಮಗ್ಗದಲ್ಲಿ ಸೀರೆ ನೇಯುತ್ತಿದ್ದ, ನಾನು ಪಕ್ಕದಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ಒಂದು ದಿನ ಅವನು ಲಾಳಿ ಕೆಳಗಿಟ್ಟು, ಮಗ್ಗದ ಸಪ್ಪಳದೊಳಗೆ ಯಾರೋ ತನ್ನನ್ನು ಬೈಯುತ್ತಾರೆ ಎಂದ. ಮತ್ತೆ ನೇಯಲಿಲ್ಲ. ಕೆಲವು ದಿನಗಳಲ್ಲಿ ಆ ದನಿಗಳು ಇನ್ನೊಂದು ಸುದ್ದಿ ಹೇಳಿದವು: ಅವ್ವ ಊಟದಲ್ಲಿ ಏನೋ ಹಾಕುತ್ತಾಳೆ.

"ಹಡದಾಕಿ ವಿಷಾ ಹಾಕತಾಳೇನೋ, ಭಾಡ್ಯಾ?" ಎಂದಳು ಅವ್ವ.

"ನೀನ ಹಾಕತಿ ಅನ್ನಂಗಿಲ್ಲ ನಾ. ನಿನ್ನ ಕೈಲೆ ಹಾಕಸ್ತಾರ," ಎಂದ ಅವನು, ಸಣ್ಣ ಮಕ್ಕಳಿಗೆ ತಿಳಿಸಿ ಹೇಳುವಂತೆ.

ನನ್ನೊಬ್ಬಳನ್ನು ನಂಬುತ್ತಿದ್ದ. ಒಂದೇ ಗಂಗಾಳದಲ್ಲಿ ಎದುರುಬದುರು ಕೂತು ಉಣ್ಣುವುದು ನಮಗೆ ಚಿಕ್ಕಂದಿನ ರೂಢಿ. ಈಗ ಅದಕ್ಕೊಂದು ಕಟ್ಟಳೆ ಸೇರಿತು. ರೊಟ್ಟಿಯಾಗಲಿ ಮಜ್ಜಿಗೆಯಾಗಲಿ ಮೊದಲು ನಾನು ಬಾಯಿಗೆ ಹಾಕಬೇಕು. ಅದು ಗಂಟಲಿಗೆ ಇಳಿಯುವವರೆಗೂ ಅವನು ನೋಡುತ್ತಿದ್ದ.

ಗದಗಿಗೆ ಒಮ್ಮೆ ಕರೆದುಕೊಂಡು ಹೋಗಿದ್ದೆವು. ಡಾಕ್ಟರು ಗುಳಿಗೆ ಬರೆದು, "ಅವರಿಗೆ ಹೇಳೇ ಕೊಡ್ರಿ, ಕದ್ದು ಹಾಕಬ್ಯಾಡ್ರಿ. ತಗೋಳಲಿಲ್ಲಂದ್ರ ಮತ್ತ ಕರಕೊಂಡ ಬರ್ರಿ," ಎಂದಿದ್ದರು. ಅಣ್ಣ ಮೊದಲ ದಿನವೇ ಗುಳಿಗೆಯನ್ನು ಬಚ್ಚಲಿಗೆ ಉಗುಳಿದ. ನಾವು ಮತ್ತೆ ಕರೆದುಕೊಂಡು ಹೋಗಲಿಲ್ಲ. ಬಸ್ಸಿನಲ್ಲಿ ಮಂದಿ ನೋಡುತ್ತಾರೆ ಎಂದಳು ಅವ್ವ, ನಾನೂ ಹೌದೆಂದೆ. ಅವಳು ಗುಳಿಗೆ ಅರೆದು ಮಜ್ಜಿಗೆಗೆ ಹಾಕತೊಡಗಿದಳು. ನನಗೆ ಗೊತ್ತಿತ್ತು. ಒಂದು ಗುಟುಕು ಕುಡಿದು ಲೋಟವನ್ನು ಅವನ ಕೈಗೆ ಕೊಡುತ್ತಿದ್ದೆ. ಒಂದು ಗುಟುಕಿಗೆ ನನಗೇನೂ ಆಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವನು ಲೋಟವನ್ನು ತಿರುಗಿ ನನ್ನ ಕಡೆಗೇ ಸರಿಸಿದ. "ಅರ್ಧಾ ಕುಡಿ." ಕುಡಿದೆ. ಹಿಂದಿನ ದಿನ ಅವನು ಮಜ್ಜಿಗೆ ಮುಟ್ಟಿರಲಿಲ್ಲವೆಂದು ಅವ್ವ ಅಂದು ಎರಡು ದಿನದ ಗುಳಿಗೆಗಳನ್ನು ಒಟ್ಟಿಗೆ ಅರೆದಿದ್ದಳು. ನನಗೆ ಹೇಳಿರಲಿಲ್ಲ, ಕಿರಾಣಿ ತರಲು ಹೋಗಿದ್ದಳು.

ಕಂಡಿಕೆ ಕೈಯಿಂದ ಜಾರಿತು. ನಾಲಿಗೆ ದಪ್ಪವಾಯಿತು. ಗೋಡೆಗೆ ಒರಗಿದೆ. ಅಣ್ಣ ನನ್ನ ಕಣ್ಣುರೆಪ್ಪೆ ಎತ್ತಿ ನೋಡಿದ. "ನಿನಗೂ ಹಾಕಿದ್ರಲ್ಲ, ತಂಗಿ," ಎಂದು ಅತ್ತ. ಊರಿನ ಡಾಕ್ಟರರ ಮೇಲೆ ಅವನಿಗೆ ನಂಬಿಕೆಯಿರಲಿಲ್ಲ. ನನ್ನನ್ನು ಹೆಗಲ ಮೇಲೆ ಹಾಕಿಕೊಂಡು ಬಸ್ ನಿಲ್ದಾಣಕ್ಕೆ ಓಡಿದ.

ರೋಣದ ಬಸ್ಸು ನಿಂತಿತ್ತು. "ಇಕಿಗೆ ವಿಷಾ ಹಾಕ್ಯಾರ್ರಿ, ಲಗೂ ದವಾಖಾನಿಗೆ ಒಯ್ರಿ!"

"ಯಾರ ಹಾಕ್ಯಾರೋ?"

"ನಮ್ಮವ್ವ."

ನಾಲ್ಕೈದು ಜನ ನಕ್ಕರು. "ಏ, ಇವ ನೇಕಾರರ ಹುಚ್ಚಪ್ಪ ಅಲ್ಲೇನ? ಹುಡಿಗಿಗೆ ಏನ ಮಾಡ್ಯಾನೋ, ಹಿಡೀರಿ ಅವನ್ನ!"

ನನ್ನನ್ನು ಕಟ್ಟೆಯ ಮೇಲೆ ಮಲಗಿಸಿದರು. ಅವನನ್ನು ಹೊಡೆದರು. ಮೊದಲು ಕೈಯಿಂದ, ಆಮೇಲೆ ಚಪ್ಪಲಿಯಿಂದ. ಹಣ್ಣಿನ ಗಾಡಿಯವನೊಬ್ಬ ಹಗ್ಗ ಬಿಚ್ಚಿ ಕೊಟ್ಟ. ಕಂಬಕ್ಕೆ ಬಿಗಿಯುವಾಗ ಅಣ್ಣ ಬಿಡಿಸಿಕೊಳ್ಳಲು ಹೆಣಗಲಿಲ್ಲ. "ನನ್ನ ಕಟ್ರಿ, ಬ್ಯಾಡನ್ನಂಗಿಲ್ಲ. ಆಕೀನ ಮೊದಲ ಕರಕೊಂಡ ಹೋಗ್ರಿ," ಎನ್ನುತ್ತಲೇ ಇದ್ದ. ನಾನು ಎಲ್ಲವನ್ನೂ ನೋಡುತ್ತಿದ್ದೆ. ಬಾಯಿ ತೆರೆದರೆ ಜೊಲ್ಲು ಬಂತು, ಮಾತು ಬರಲಿಲ್ಲ.

ಸುದ್ದಿ ಕೇಳಿ ಓಡಿಬಂದ ಅವ್ವ ಹಗ್ಗ ಬಿಚ್ಚಿಸಿ ನಮ್ಮಿಬ್ಬರನ್ನೂ ಮನೆಗೆ ಕರೆತಂದಳು. ಸಂಜೆ ಪೊಲೀಸರೊಬ್ಬರು ಮನೆಗೆ ಬರುವ ಹೊತ್ತಿಗೆ ನನಗೆ ಮಾತು ಬಂದಿತ್ತು. ಇದನ್ನು ನಾನಿಲ್ಲಿ ಸರಿಯಾಗಿ ಬರೆಯಬೇಕು. "ಏನವಾ, ಖರೇನ ಏನರ ಹಾಕಿದ್ರೇನ?" ಎಂದು ಅವರು ನನ್ನನ್ನೇ ಕೇಳಿದರು. ಅವ್ವ ಸೆರಗಿನಡಿಯಲ್ಲಿ ನನ್ನ ಕೈ ಅದುಮಿದಳು. ಅಣ್ಣ ನೆಲದ ಮೇಲೆ ಕೂತಿದ್ದ, ತುಟಿ ಬಾತಿತ್ತು. ಕೊನೆಗೂ ಒಬ್ಬರು ಕೇಳಿದರಲ್ಲ ಎಂಬ ಸಮಾಧಾನದಿಂದ ನನ್ನ ಬಾಯಿಯನ್ನೇ ನೋಡುತ್ತಿದ್ದ.

"ಏನೂ ಇಲ್ರಿ," ಎಂದೆ. "ಬಿಸಲಿಗೆ ತಲಿ ತಿರಗಿತ್ತು. ಅವಗ ತಲಿ ಸರಿ ಇಲ್ರಿ."

"ನೋಡಪಾ, ವಿಷಾ ಕುಡದಾಕೀನ ಹೇಳಾಕತ್ತಾಳ," ಎಂದು ಅವರು ನಕ್ಕರು. ಅಣ್ಣ ನನ್ನನ್ನು ನೋಡುವುದನ್ನು ಬಿಟ್ಟು ತನ್ನ ಅಂಗೈ ನೋಡಿಕೊಂಡ.

ಮರುದಿನ ಅವನನ್ನು ಗದಗಿನ ದವಾಖಾನೆಗೆ ಸೇರಿಸಿದೆವು. ಈ ನಡುವೆ ಔಷಧ ಏನಾದರೂ ಹೋಗಿತ್ತೇ ಎಂದು ಡಾಕ್ಟರು ಕೇಳಿದರು. ಇಲ್ಲವೆಂದೆವು. ಈಗ ಅವನಿಗೆ ತಿಂಗಳಿಗೊಂದು ಇಂಜೆಕ್ಷನ್. ಬೈಯುವ ದನಿಗಳು ನಿಂತಿವೆ, ಮತ್ತೆ ನೇಯುತ್ತಾನೆ. ಊಟದ ಮೇಲೆ ಸಂಶಯ ಬರುವುದೂ ರೋಗದ ಒಂದು ಲಕ್ಷಣ ಎಂದು ಅಲ್ಲಿ ಅವನಿಗೆ ತಿಳಿಸಿ ಹೇಳಿದ್ದಾರೆ. ಅವನು ಅದನ್ನು ಶ್ರದ್ಧೆಯಿಂದ ಕಲಿತಿದ್ದಾನೆ.

ಹೋದ ತಿಂಗಳು ಊಟಕ್ಕೆ ಕೂತಾಗ ಅವ್ವನಿಗೆ ಹೇಳಿದ: "ಎಂಥಾ ಮಾತ ಅಂದ್ನಿ ನಿನಗ. ನಿನ್ನ ಮ್ಯಾಲೆ ಸಂಶೇ ಪಟ್ನಿ. ತಪ್ಪಾತವ್ವ."

"ಹೋಗ್ಲಿ ಬಿಡಪಾ, ನಾ ಮರತೇನಿ," ಎಂದು ಅವ್ವ ಅವನಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಅವನು ನನ್ನ ಕಡೆ ತಿರುಗಿದ. "ನಿನ್ನೂ ಭಾಳ ಅಂಜಿಸಿದ್ನೆಲ್ಲಾ?"

"ಹೂಂ," ಎಂದೆ.